ಕೇರೆ ಹಾವು ಕಚ್ಚುವುದಿಲ್ಲ

ಎಪ್ಪತ್ತೆರಡನೇ ಮನೆಯಲ್ಲಿದ್ದ ಕೇರೆ ಹಾವು ನನ್ನನ್ನು ನುಂಗಿ ಹದಿನೆಂಟನೇ ಮನೆಗೆ ಉಗುಳಿತು. ಕೈಯಲ್ಲಿದ್ದ ಟ್ಯಾಬ್ ಸಣ್ಣಗೆ ನಡುಗಿತು, ಒಳಗಿನಿಂದ ಬುಸ್ಸೆಂಬ ಸದ್ದು ಬಂತು. ನನ್ನ ಹಳದಿ ಕಾಯಿ ಹಾವಿನ ಬೆನ್ನಿನ ಮೇಲೆ ಜಾರುತ್ತಾ ಬಂದು ಕೆಳಗೆ ಕೂತಿತು. ಯಂತ್ರ ತನ್ನ ದಾಳವನ್ನು ತಾನೇ ಉರುಳಿಸಿಕೊಂಡು ಮುಂದೆ ಹೋಯಿತು.

ನಿವೃತ್ತಿಯಾದ ಮೇಲೆ ನನಗೆ ಅಂಟಿಕೊಂಡ ಚಟ ಇದು. ದೂರವಾಣಿ ಕೇಂದ್ರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸೇರಿಸಿ ಸಾಕಾಗಿದ್ದವಳಿಗೆ, ಮಾತೇ ಬೇಡದ ಈ ಆಟಗಳು ಹಿಡಿಸಿದವು. ಚೌಕಾಬಾರ, ಹುಲಿ-ಕುರಿ, ಪಗಡೆ, ಕೇರಂ ಎಲ್ಲವೂ ಈಗ ಕಂಪ್ಯೂಟರಿನೊಳಗೆ ಹೋಗಿ ಕೂತಿವೆ. ಕವಡೆ ಕಳೆದುಹೋಗುವುದಿಲ್ಲ, ಕಾಯಿ ಸಾಲದೆಂದು ಹುಣಸೆ ಬೀಜ ಹುಡುಕಬೇಕಾಗಿಲ್ಲ, ಮೋಸ ಮಾಡಿದೆ ಎಂದು ಜುಟ್ಟು ಹಿಡಿಯುವವರೂ ಇಲ್ಲ. ಬೆಳಗಿನ ಕಾಫಿ ಮುಗಿಸಿ ಒಂದು ಗಂಟೆ ಆಡಿದರೆ ಮನಸ್ಸು ಹಗುರವಾಗುತ್ತಿತ್ತು. ಆವತ್ತು ಹೊಸದೊಂದು ಹಾವು-ಏಣಿ ಸಿಕ್ಕಿತ್ತು. ‘ಹಳೆಯ ಪಟ, ಹೊಸ ಆಟ’ ಎಂದು ಅದರ ಮೊದಲ ಪುಟದಲ್ಲಿ ಬರೆದಿತ್ತು.

ಜಾರಿ ಬಿದ್ದ ಮೇಲೆ ಆ ಹಾವನ್ನು ಸರಿಯಾಗಿ ನೋಡಿದೆ. ನೀಳ ಮೈ, ದೊಡ್ಡ ಕಣ್ಣು, ಬಾಲದ ಕಡೆಗೆ ಮಾತ್ರ ಕಪ್ಪು ಅಡ್ಡಪಟ್ಟೆ. ಮಾಮೂಲಿ ಹಾವು-ಏಣಿ ಪಟದಲ್ಲಿ ಯಾರೂ ಹೀಗೆ ಹಾವು ಬರೆಯುವುದಿಲ್ಲ, ಹಾವು ಅಂದರೆ ಹಾವು, ಅಷ್ಟೇ. ಇದು ಕೇರೆ. ಅದರ ಆಚೆ, ಹೆಡೆಯೆತ್ತಿದ ನಾಗರ. ಕೆಳಗಿನ ಸಾಲಿನಲ್ಲಿ ಮೈತುಂಬ ಸರಪಳಿಯ ಹಾಗೆ ಮಚ್ಚೆ ಇರುವ ಕೊಳಕುಮಂಡಲ. ಮೇಲಿನಿಂದ ಎರಡನೇ ಸಾಲಿನಲ್ಲಿ ಬಣ್ಣ ಸಿಡಿದು ಕೊಳೆಯಾದ ಒಂದು ಮರದ ಏಣಿ... ಎಲ್ಲಿಂದಲೋ ಟರ್ಪೆಂಟೈನ್ ವಾಸನೆ ಬಂದ ಹಾಗಾಯಿತು. ಐವತ್ತು ವರ್ಷದ ಹಿಂದಿನ ವಾಸನೆ. ‘ಕೇರೆ ಕಚ್ಚಲ್ಲ ಕಣವ್ವ’ ಎಂದು ಯಾರೋ ಪಕ್ಕದಲ್ಲೇ ಕೂತು ಗದರಿದಂತಾಯಿತು.

ಆಟದ ‘ನಮ್ಮ ಬಗ್ಗೆ’ ಅನ್ನುವ ಪುಟ ತೆರೆದೆ. ಪಟದ ಬಗ್ಗೆ ಒಂದೇ ಸಾಲು ಇತ್ತು. ‘ಪ್ರಾಚೀನ ಜಾನಪದ ಚಿತ್ರ. ಕಲಾವಿದ: ಅನಾಮಿಕ.’

ನನ್ನ ಮೈ ಉರಿದುಹೋಯಿತು. ಪ್ರಾಚೀನವಂತೆ. ಆ ಪಟದ ಮೊದಲ ಗೆರೆ ಎಳೆಯುವಾಗ ನಾನು ಅಲ್ಲೇ ಕೂತು ನೋಡಿದ್ದೇನೆ. ಆ ಅನಾಮಿಕ ನಮ್ಮ ಪಕ್ಕದ ಮನೆಯವರು.

ಹುಣಸೂರಿನಲ್ಲಿ ನಮ್ಮದು ಮರದ ಡಿಪೋಗೆ ಹೋಗುವ ದಾರಿಯಲ್ಲಿದ್ದ ವಠಾರ. ಅಪ್ಪ ಡಿಪೋದಲ್ಲಿ ಗುಮಾಸ್ತರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿದ್ದವರನ್ನು ನಾವು ಮಕ್ಕಳೆಲ್ಲ ಪೇಂಟರ್ ಮಾವ ಅಂತ ಕರೆಯುತ್ತಿದ್ದೆವು. ಅಂಗಡಿಗಳ ಬೋರ್ಡು, ಬಸ್ಸಿನ ಹೆಸರು, ಸಾಮಿಲ್ಲುಗಳ ಗೇಟು, ಶಾಲೆಯ ಗೋಡೆ, ಎಲ್ಲವನ್ನೂ ಬರೆಯುತ್ತಿದ್ದವರು ಅವರೇ. ಸೈಕಲ್ಲಿನ ಅಡ್ಡಕಂಬಿಗೆ ಏಣಿ ಕಟ್ಟಿಕೊಂಡು ಪಿರಿಯಾಪಟ್ಟಣಕ್ಕೆ ಹೋಗುವರು, ಕೃಷ್ಣರಾಜನಗರಕ್ಕೆ ಹೋಗುವರು. ಹೆಗ್ಗಡದೇವನಕೋಟೆ, ಸರಗೂರು, ಅಂತರಸಂತೆ ಕಡೆಗಾದರೆ ಏಣಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ನಾಲ್ಕೈದು ದಿನ ಅಲ್ಲೇ ಉಳಿಯುವರು.

ಅವರು ಸಾಧು ಮನುಷ್ಯರೇನಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ಸಾಧುಗಳನ್ನಾಗಿ ಮಾಡುವುದು ನನಗೆ ಹಿಡಿಸದು. ಪೇಂಟರ್ ಮಾವ ಮುಂಗೋಪಿ. ಅಂಗಡಿಯವರು ಹಲಗೆಯಲ್ಲಿ ಜಾಗ ಸಾಲದು, ಒತ್ತಕ್ಷರ ಬಿಡಿ ಅಂದರೆ ಕುಂಚ ಡಬ್ಬದಲ್ಲಿ ಅದ್ದಿ ಇಳಿದೇ ಬಿಡುವರು. ‘ಒತ್ತು ಬ್ಯಾಡ ಅನ್ನೋರು ಬಾಗ್ಲೂ ಬ್ಯಾಡ ಅನ್ನಿ, ಅಂಗ್ಡಿ ಯಾಕ್ರೀ ನಿಮ್ಗೆ?’ ಎಂದು ಬೀದಿಯಲ್ಲೇ ಕೂಗಾಡುವರು. ಆಮೇಲೆ ಅಂಗಡಿಯವನೇ ಕಾಫಿ ತರಿಸಿ ಸಮಾಧಾನ ಮಾಡಬೇಕು. ಆದರೆ ಬರೆದು ಮುಗಿಸಿದ ಬೋರ್ಡಿನ ಕೆಳಮೂಲೆಯಲ್ಲಿ, ಯಾರೂ ಕೇಳದೆ ಇದ್ದರೂ, ಹೆಬ್ಬೆರಳಿನಷ್ಟು ಒಂದು ಚಿತ್ರ ಬಿಡಿಸುವರು. ಬಟ್ಟೆಯಂಗಡಿಗೆ ಒಂದು ಗೀಜಗ, ಹೋಟೆಲಿಗೆ ಒಂದು ಇಣಚಿ. ಊರಿನ ಯಾವ ಬೋರ್ಡಿನಲ್ಲಿ ಯಾವ ಪ್ರಾಣಿ ಇದೆ ಅನ್ನುವುದು ನಮಗೆ ಬಾಯಿಪಾಠವಾಗಿತ್ತು.

ಅವರಿಗೆ ಒಬ್ಬಳೇ ಮಗಳು. ನನ್ನ ವಾರಿಗೆಯವಳು, ನನ್ನ ತರಗತಿಯವಳು. ಅವಳ ತಾಯಿ ತೀರಿಕೊಂಡಿದ್ದರು, ಅಜ್ಜಿಯೊಬ್ಬರು ಮನೆ ನೋಡಿಕೊಳ್ಳುತ್ತಿದ್ದರು. ನಾವು ಏಳನೇ ತರಗತಿಗೆ ಹೋದ ವರ್ಷ ಅವಳಿಗೆ ಸೊಂಟದ ಮೂಳೆಯಲ್ಲಿ ಕ್ಷಯ ಅಂದರು. ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಎಂಟು ತಿಂಗಳು ಅಲ್ಲಾಡಬಾರದು. ಬಾಗಿಲ ಬಳಿಯ ಮಂಚದಲ್ಲಿ ಅವಳು ಸುಣ್ಣದ ಬೊಂಬೆಯ ಹಾಗೆ ಮಲಗಿರುತ್ತಿದ್ದಳು. ಮೊದಮೊದಲು ಓರಗೆಯವರೆಲ್ಲ ನೋಡಲು ಬಂದರು. ಒಂದು ತಿಂಗಳಲ್ಲಿ ನಾನೊಬ್ಬಳೇ ಉಳಿದೆ.

ಪೇಂಟರ್ ಮಾವ ಆ ಪಟ ಬರೆದದ್ದು ಆಗ. ಕೊಡಗಿನ ಕಡೆಯಿಂದ ಬರುತ್ತಿದ್ದ ಟೀ ಪೆಟ್ಟಿಗೆಯ ತೆಳು ಹಲಗೆ ತಂದು, ಮರಳು ಕಾಗದದಲ್ಲಿ ಉಜ್ಜಿ, ಮೂರು ಸಲ ಬಿಳಿ ಬಣ್ಣ ಬಳಿದು ಒಣಗಿಸಿದರು. ಇದ್ದಿಲಪುಡಿ ಹಚ್ಚಿದ ದಾರ ಹಿಡಿದುಕೊಳ್ಳಲು ಒಂದು ತುದಿ ನನಗೆ ಕೊಟ್ಟರು, ಇನ್ನೊಂದು ತುದಿ ಮಲಗಿದ್ದ ಮಗಳಿಗೆ. ದಾರ ಎಳೆದು ಬಿಟ್ಟರೆ ಹಲಗೆಯ ಮೇಲೆ ನೇರ ಗೆರೆ. ಹೀಗೆ ನೂರು ಮನೆ. ಬಸ್ಸುಗಳಿಗೆ ಬಳಿದು ಉಳಿದ ಎನಾಮೆಲ್ ಬಣ್ಣದಲ್ಲಿ ಸಂಜೆ ಸಂಜೆ ಕೂತು, ತಿಂಗಳಿಗೂ ಹೆಚ್ಚು ಕಾಲ ಅವರು ಬರೆದರು.

ಅದು ಬೇರೆಲ್ಲೂ ಇಲ್ಲದ ಪಟ. ಒಂದನೇ ಮನೆಯಲ್ಲಿ ಲಕ್ಷ್ಮಣತೀರ್ಥದ ಸೇತುವೆ. ಅಲ್ಲಿಂದ ಸಾಮಿಲ್ಲು, ತಂಬಾಕಿನ ಬ್ಯಾರನ್ ಮನೆ, ಕಬ್ಬಿನ ಗದ್ದೆ, ಕಾಡು, ಎಲ್ಲ ದಾಟಿಕೊಂಡು ಹೋಗಬೇಕು. ಏಣಿಗಳು ಒಂದರ ಹಾಗೆ ಇನ್ನೊಂದಿಲ್ಲ. ಪಿರಿಯಾಪಟ್ಟಣದಲ್ಲಿ ತಂಬಾಕು ಬೇಯಿಸುವ ಬ್ಯಾರನ್ನಿನ ಬಿದಿರೇಣಿ, ಕೃಷ್ಣರಾಜನಗರದಲ್ಲಿ ಹುಲ್ಲುಮೆದೆಗೆ ಒರಗಿಸಿದ ಏಣಿ, ಬಸ್ಸಿನ ಹಿಂಬದಿಯ ಕಬ್ಬಿಣದ ಏಣಿ, ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಜೇನು ತೆಗೆಯುವವರು ಹೆಮ್ಮರಕ್ಕೆ ಇಳಿಬಿಡುವ ಬಳ್ಳಿಯ ಏಣಿ. ಎಲ್ಲಕ್ಕಿಂತ ಮೇಲೆ ಅವರದೇ ಏಣಿ, ಬಣ್ಣ ಸಿಡಿದದ್ದು. ಹಾವುಗಳೂ ಅಷ್ಟೆ, ಅವರು ಕಂಡ ಜಾಗದಲ್ಲೇ ಇದ್ದವು. ಸರಗೂರಿನ ದಿನಸಿ ಅಂಗಡಿಯ ಮೂಟೆಯ ಸಂದಿಯಲ್ಲಿ ಎದುರಾದ ನಾಗರ, ಕಬ್ಬಿನ ಗದ್ದೆಯ ಕೊಳಕುಮಂಡಲ, ಹಾಸಿದ ಚಾಪೆಯ ಅಡಿಯಲ್ಲಿದ್ದ ಕಟ್ಟು ಹಾವು. ಕಚ್ಚುವ ಹಾವು ಮಾತ್ರ ಕೆಳಗೆ ಇಳಿಸುತ್ತಿತ್ತು. ಕೇರೆಗೆ ಬೇರೆ ಕಾನೂನು.

ನಾನು ಮೊದಲ ಸಲ ಕೇರೆಯ ಬಾಯಿಗೆ ಬಂದಾಗ ಕಾಯಿಯನ್ನು ಕೆಳಗಿಳಿಸಲು ಹೋದೆ. ಅವರು ನನ್ನ ಕೈಗೆ ಕುಂಚದ ಹಿಡಿಯಿಂದ ಮೆಲ್ಲಗೆ ಹೊಡೆದರು.

‘ಕೇರೆ ಕಚ್ಚಲ್ಲ ಕಣವ್ವ. ಇಲಿ ತಿಂದು ರೈತನ್ ಭತ್ತ ಉಳ್ಸೋದು ಅದು. ಜನ ಮಾತ್ರ ಕಂಡ್ ಕಂಡಲ್ಲಿ ಬಡೀತಾರೆ.’

‘ಮತ್ತೆ ನಾನೇನು ಮಾಡ್ಬೇಕು ಮಾವ?’

‘ನಿಂತ್ಕೊ. ಅದರ ದಾರೀಲಿ ಅದು ಹೋಯ್ತದೆ. ಒಂದಾಟ ಬುಟ್ಟು ಆಮೇಲೆ ನೀನೂ ಹೋಗು.’

ನೂರನೇ ಮನೆಯಲ್ಲಿ ಸ್ವರ್ಗವಿರಲಿಲ್ಲ, ದೇವರಿರಲಿಲ್ಲ. ಎರಡು ಜಡೆ ಹಾಕಿ, ನೀಲಿ ಲಂಗ ಉಟ್ಟು, ಎರಡು ಕಾಲಿನ ಮೇಲೂ ಸರಿಯಾಗಿ ನಿಂತ ಒಬ್ಬಳು ಹುಡುಗಿ ಇದ್ದಳು. ಅದು ಯಾರೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಲಗಿದ್ದವಳು ಮಾತ್ರ ಆ ಮನೆಯನ್ನು ಬೆರಳಿನಿಂದ ಸವರಿ ಸವರಿ ಅಲ್ಲಿನ ಬಣ್ಣವೇ ಮಾಸಲಾಗಿತ್ತು.

ಇನ್ನು ಚಿಕ್ಕಪ್ಪನ ವಿಷಯಕ್ಕೆ ಬರಬೇಕು. ಬರೆಯಲು ಕೈ ಏಳುವುದಿಲ್ಲ, ಆದರೆ ಈ ಲೇಖನ ಇರುವುದೇ ಅದಕ್ಕೆ.

ಅಪ್ಪನ ತಮ್ಮ ಮೈಸೂರಿನಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ ಇಟ್ಟಿದ್ದರು. ಮಾತು ಬೆಣ್ಣೆ. ಇಸ್ತ್ರಿ ಮಾಡಿದ ಅಂಗಿ. ಅವರು ಬಂದರೆ ಅಪ್ಪ ಕುರ್ಚಿ ಬಿಟ್ಟುಕೊಟ್ಟು ಬೆಂಚಿನ ಮೇಲೆ ಕೂರುತ್ತಿದ್ದರು. ಏಳನೇ ತರಗತಿ ಮುಗಿದ ಮೇಲೆ ನಾನು ಅವರ ಮನೆಯಲ್ಲಿದ್ದು ಮೈಸೂರಿನ ಹೈಸ್ಕೂಲಿಗೆ ಸೇರುವುದೆಂದು ಮಾತಾಗಿತ್ತು. ನಮ್ಮ ವಠಾರದಿಂದ ಯಾವ ಹುಡುಗಿಯೂ ಅಷ್ಟು ದೂರ ಓದಲು ಹೋಗಿರಲಿಲ್ಲ. ನಾನು ಆಗಲೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಆ ದಸರೆಗೆ ಮುಂಚೆ ಒಂದು ಭಾನುವಾರ ಅವರು ಬಂದವರು ಪಕ್ಕದ ಮನೆಯ ಬಾಗಿಲಲ್ಲಿ ನಿಂತು ನಮ್ಮ ಆಟ ನೋಡಿದರು. ಬಹಳ ಹೊತ್ತು ನೋಡಿದರು. ಪೇಂಟರ್ ಮಾವ ಹೆಗ್ಗಡದೇವನಕೋಟೆಯ ಕಡೆ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು.

‘ಆ ಹಲಗೆ ಎರಡು ದಿನಕ್ಕೆ ಬೇಕಿತ್ತಲ್ಲ ಪುಟ್ಟಿ. ನಮ್ಮ ಪ್ರೆಸ್ಸಿನವರಿಗೆ ತೋರಿಸಿ ವಾಪಸ್ ಕಳಿಸ್ತೀನಿ. ನಿನ್ನ ಫ್ರೆಂಡು ನೀನು ಕೇಳಿದ್ರೆ ಇಲ್ಲ ಅಂತಾಳಾ?’

ನಾನು ಕೇಳಿದೆ. ಅವಳು ಇಲ್ಲ ಅನ್ನಲಿಲ್ಲ. ಅಪ್ಪ ಬರಲಿ ಅಂದಳು, ನಾನು ಎರಡೇ ದಿನ ಅಂದೆ. ‘ಬೇಗ ತಂದ್ಕೊಡ್ತೀಯ ಕಣೇ? ಅದ್ ಬುಟ್ರೆ ನಂಗೇನಿದೆ ಇಲ್ಲಿ’ ಅಂದಳು. ತಂದುಕೊಡುತ್ತೇನೆಂದು ಆಣೆ ಹಾಕಿದೆ. ಅವಳ ಪ್ಲಾಸ್ಟರಿನ ಮೇಲಿನಿಂದ ಹಲಗೆಯನ್ನು ಎತ್ತಿಕೊಂಡು ಹೊರಗೆ ಬಂದವಳು ನಾನೇ. ಚಿಕ್ಕಪ್ಪ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಹೋದರು.

ಎರಡು ದಿನ ಎರಡು ತಿಂಗಳಾಯಿತು. ಅಪ್ಪ ಕಾಗದ ಬರೆದರೆ ‘ಕಳಿಸುತ್ತೇನೆ’ ಎಂದು ಉತ್ತರ ಬರುತ್ತಿತ್ತು. ಪೇಂಟರ್ ಮಾವ ದಿನವೂ ನಮ್ಮ ಬಾಗಿಲಿಗೆ ಬಂದು ಕೇಳಿ ಹೋಗುತ್ತಿದ್ದರು. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರು ಮಾಡಿದ್ದಳು. ನಾನು ಹುಣಸೆ ಬೀಜ, ಹಾಳೆ, ಸೀಸದ ಕಡ್ಡಿ ತಗೊಂಡು ಹೋದರೆ ‘ಬ್ಯಾಡ ಬುಡು’ ಅನ್ನುತ್ತಿದ್ದಳು.

ಒಂದು ದಿನ ಪೇಂಟರ್ ಮಾವ ಕೃಷ್ಣರಾಜನಗರದಿಂದ ಬಂದವರು ಸೈಕಲ್ಲನ್ನು ಬೀದಿಯಲ್ಲೇ ಬೀಳಿಸಿ ನಮ್ಮ ಮನೆಗೆ ನುಗ್ಗಿದರು. ಕೈಯಲ್ಲಿ ಒಂದು ಮಡಿಸಿದ ಹಾಳೆ ಇತ್ತು. ಅಲ್ಲಿನ ಪುಸ್ತಕದಂಗಡಿಯಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದರಂತೆ. ಬಿಡಿಸಿ ಅಮ್ಮನ ಮುಂದೆ ನೆಲಕ್ಕೆ ಹಾಸಿದರು. ಅದೇ ಸೇತುವೆ, ಅದೇ ಬಳ್ಳಿ ಏಣಿ, ಅದೇ ನೀಲಿ ಲಂಗ. ಅಚ್ಚಿನಲ್ಲಿ ನೀಲಿ ಸ್ವಲ್ಪ ಆಚೆ ಸರಿದಿತ್ತು. ಕೆಳಗೆ ಚಿಕ್ಕಪ್ಪನ ಹೆಸರು, ‘ರಚನೆ’ ಎಂದು. ಪಕ್ಕದಲ್ಲಿ ಆಟದ ನಿಯಮ: ಹಾವಿನ ಬಾಯಿಗೆ ಬಂದವರು ಬಾಲಕ್ಕೆ ಇಳಿಯತಕ್ಕದ್ದು. ಕೇರೆಯ ಮಾತೇ ಇಲ್ಲ.

‘ನನ್ ಮಗಳ್ನ ಅಂಗ್ಡಿ ಅಂಗ್ಡೀಲಿ ನೇತಾಕವ್ರೆ ಕಣವ್ವ’ ಅಂದರು. ಅಷ್ಟು ಕೂಗಾಡುತ್ತಿದ್ದ ಮನುಷ್ಯ ಅದನ್ನು ಬಹಳ ಸಣ್ಣ ದನಿಯಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ‘ತಕೊಂಡೋದೋಳು ನೀನು. ನೀನೇ ಬಂದು ಯೋಳು, ಇದು ಯಾರ್ ಬರ್ದಿದ್ದು ಅಂತ. ನಡಿ ಮೈಸೂರ್ಗೆ’ ಅಂದರು.

ಅಪ್ಪ ಡಿಪೋದಲ್ಲಿದ್ದರು. ಅಮ್ಮ ನನ್ನ ತಲೆ ಬಾಚಿ, ‘ಇದ್ದದ್ದು ಇದ್ದ ಹಾಗೆ ಹೇಳು’ ಎಂದು ಕಳಿಸಿದರು. ಅಮ್ಮ ಗಂಡನನ್ನು ಕೇಳದೆ ಮಾಡಿದ ಕೆಲಸ ನನಗೆ ತಿಳಿದಂತೆ ಅದೊಂದೇ.

ಪ್ರೆಸ್ಸಿನಲ್ಲಿ ಚಿಕ್ಕಪ್ಪ ನಗುತ್ತಲೇ ಮಾತಾಡಿಸಿದರು. ಪೇಂಟರ್ ಮಾವನಿಗೆ ಕೂರಲು ಹೇಳಲಿಲ್ಲ.

‘ಏನ್ರೀ ಇದು, ಹಾವು-ಏಣಿ ಆಟ ನೀವು ಕಂಡುಹಿಡಿದದ್ದಾ? ಎಲ್ಲರ ಮನೇಲೂ ಆಡ್ತಾರಲ್ಲ.’

‘ಆಟ ಎಲ್ಲಾರ್ದೂವೆ. ಪಟ ನಂದು ಸ್ವಾಮಿ.’

‘ನಿಮ್ಮದು ಅನ್ನೋಕೆ ಏನಿದೆ?’

‘ಅಲ್ನೋಡಿ’ ಅಂದರು ಪೇಂಟರ್ ಮಾವ. ನಾನೂ ನೋಡಿದೆ. ಮೂಲೆಯಲ್ಲಿ ಇಬ್ಬರು ಕೂತು ಲಗ್ನಪತ್ರಿಕೆಗೆ ಅಂಟು ಹಚ್ಚುತ್ತಿದ್ದರು. ಮೈದಾ ಅಂಟಿನ ಬೋಗುಣಿ ಇಟ್ಟಿದ್ದು ಆ ಹಲಗೆಯ ಮೇಲೆ. ಅರ್ಧಕ್ಕರ್ಧ ಪಟ ಒಣಗಿದ ಅಂಟಿನಿಂದ ಮುಚ್ಚಿಹೋಗಿತ್ತು. ಬ್ಲೇಡಿನಲ್ಲಿ ಕಾಗದ ಕೊಯ್ದು ಕೊಯ್ದು ಕಾಡಿನ ಸಾಲುಗಳು ಕಿತ್ತುಬಂದಿದ್ದವು. ನೂರನೇ ಮನೆ ಇರಬೇಕಾದ ಮೂಲೆ ಮುರಿದಿತ್ತು.

ಚಿಕ್ಕಪ್ಪ ಆ ಕಡೆ ತಿರುಗಿಯೂ ನೋಡದೆ ನನ್ನ ಭುಜದ ಮೇಲೆ ಕೈಯಿಟ್ಟರು. ‘ಇವರು ಬರೆಯೋದನ್ನ ನೀನು ನೋಡಿದ್ದೀಯಂತಲ್ಲ. ಹೌದಾ ಪುಟ್ಟಿ? ಯೋಚನೆ ಮಾಡಿ ಹೇಳು. ಬರೋ ವರ್ಷ ನಮ್ಮನೇಲಿದ್ದು ಓದೋಳು ನೀನು.’

ಆ ಕೈ ಭಾರವಿರಲಿಲ್ಲ. ಹಗುರವಾಗಿ, ಪ್ರೀತಿಯಿಂದ ಇಟ್ಟ ಹಾಗೇ ಇತ್ತು. ಪೇಂಟರ್ ಮಾವ ನನ್ನನ್ನೇ ನೋಡುತ್ತಿದ್ದರು. ದಾರದ ತುದಿ ಹಿಡಿಸಿದ್ದ ಮನುಷ್ಯ...

‘ಗೊತ್ತಿಲ್ಲ’ ಅಂದೆ.

‘ನೋಡಿಲ್ವಾ?’

‘ಇಲ್ಲ.’

ನನಗಾಗ ಹನ್ನೆರಡು ವರ್ಷ. ಹನ್ನೆರಡು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ಎಷ್ಟೋ ಜನ ನನಗೆ ಸಮಾಧಾನ ಹೇಳಿದ್ದಾರೆ. ತಿಳಿಯುತ್ತದೆ. ಎಲ್ಲವೂ ತಿಳಿಯುತ್ತದೆ. ಹೈಸ್ಕೂಲು ಬೇಕಿತ್ತು ನನಗೆ, ಅದಕ್ಕೆ ಇಲ್ಲ ಅಂದೆ.

ವಾಪಸು ಬರುವ ಬಸ್ಸಿನಲ್ಲಿ ಅವರು ನನ್ನನ್ನು ಒಬ್ಬ ಹೆಂಗಸಿನ ಪಕ್ಕ ಕೂರಿಸಿ ತಾವು ಹಿಂದೆ ಹೋಗಿ ನಿಂತರು. ಹಲಗೆಯನ್ನೂ ಅವರು ತಂದಿರಲಿಲ್ಲ. ನಮ್ಮ ಬಾಗಿಲಲ್ಲಿ ನನ್ನನ್ನು ಬಿಟ್ಟು, ಅಮ್ಮನಿಗೆ, ‘ನಿಮ್ ಮಗಳು ಏನೂ ನೋಡ್ನಿಲ್ವಂತೆ ಕಣವ್ವ’ ಅಂದು ಹೋದರು. ಅಮ್ಮ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಜನ ಸೇರಿದ್ದರು. ಪೇಂಟರ್ ಮಾವ ತಮ್ಮ ಮನೆಯ ಮುಂಗೋಡೆಯ ಮೇಲೆ, ಮೊಳದುದ್ದದ ಅಕ್ಷರಗಳಲ್ಲಿ, ಕಪ್ಪು ಎನಾಮೆಲ್ಲಿನಲ್ಲಿ ಬರೆಯುತ್ತಿದ್ದರು. ‘ಮೈಸೂರಿನಲ್ಲಿ ಅಚ್ಚಾಗಿರುವ ಹಾವು-ಏಣಿ ಪಟವು ನನ್ನ ಮಗಳಿಗಾಗಿ ನಾನು ಬರೆದದ್ದು.’ ಒಂದು ಒತ್ತೂ ಬಿಟ್ಟಿರಲಿಲ್ಲ. ಕೆಳಗೆ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಊರಿನ ಹೆಸರು. ಚಿತ್ರ ಒಂದೂ ಇರಲಿಲ್ಲ.

ಅಪ್ಪ ಕೆಂಡವಾದರು. ತಮ್ಮನ ಮರ್ಯಾದೆ ಹೋಯಿತೆಂದು ವಠಾರದ ಮಾಲೀಕರ ಬಳಿ ಹೋಗಿ ದೂರು ಹೇಳಿದರು. ಮಾಲೀಕರು ಆಳು ಕಳಿಸಿ ಗೋಡೆಗೆ ಸುಣ್ಣ ಹೊಡೆಸಿದರು. ಪೇಂಟರ್ ಮಾವ ಮತ್ತೆ ಬರೆದರು. ಮತ್ತೆ ಸುಣ್ಣ. ಮೂರನೇ ಸಲ ಬರೆಯುವಾಗ ಅಪ್ಪ ಹೊರಗೆ ಬಂದು ನಿಂತರು.

‘ಒಂದು ಆಟದ ಪಟಕ್ಕೆ ಇಷ್ಟು ರಾದ್ಧಾಂತ ಯಾಕ್ರೀ? ಮಕ್ಕಳು ಆಡೋ ಸಾಮಾನು.’

‘ಮಕ್ಕಳಾಡೋದು ಅಂತ್ಲೇ ಕಣ್ ಸ್ವಾಮಿ’ ಅಂದರು ಪೇಂಟರ್ ಮಾವ. ಏಣಿಯಿಂದ ಇಳಿಯಲಿಲ್ಲ, ತಿರುಗಿ ನೋಡಲಿಲ್ಲ. ‘ನಿಮ್ ಡಿಪೋ ಮರ ಕದ್ದಿದ್ರೆ ಪೋಲೀಸ್ನೋರು ಬರೋರು. ಇದ್ಕೆ ಯಾರ್ ಬತ್ತಾರೆ? ಅದ್ಕೇ ಬರೀತಾವ್ನಿ.’

ಆ ತಿಂಗಳ ಕೊನೆಗೆ ಮಾಲೀಕರು ಮನೆ ಬಿಡಿಸಿದರು. ಎತ್ತಿನ ಗಾಡಿಯಲ್ಲಿ ಹಾಸಿಗೆ ಹಾಸಿ, ಪ್ಲಾಸ್ಟರಿನ ಸಮೇತ ಮಗಳನ್ನು ಮಲಗಿಸಿಕೊಂಡು ಅವರು ಕೃಷ್ಣರಾಜನಗರಕ್ಕೆ ಹೋದರು. ನಾನು ಒಳಗೆ ಕಿಟಕಿಯ ಹಿಂದೆ ಇದ್ದೆ. ಮುಂದಿನ ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗಿ ಗೋಡೆಯ ಮೇಲೆ ಆ ಹೆಸರು ಮತ್ತೆ ಕಾಣುತ್ತಿತ್ತಂತೆ. ನಾನು ಅದನ್ನು ನೋಡಲಿಲ್ಲ. ಮೈಸೂರಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ, ಹೈಸ್ಕೂಲು ಓದುತ್ತಿದ್ದೆ.

ಇಷ್ಟೆಲ್ಲ ನಡೆದದ್ದನ್ನು ಟ್ಯಾಬಿನ ಆಟದವರು ‘ಅನಾಮಿಕ’ ಎಂದು ಒಂದೇ ಪದದಲ್ಲಿ ಮುಗಿಸಿದ್ದರು. ಕದ್ದವರ ಹೆಸರು ಕೂಡ ಇರಲಿಲ್ಲ. ಆಟದಲ್ಲಿ ಗೆದ್ದರೆ ನೂರನೇ ಮನೆಯ ಆ ಹುಡುಗಿ ಚಪ್ಪಾಳೆ ತಟ್ಟಿ ಕುಣಿಯುತ್ತಾಳೆ, ಸುತ್ತ ಪಟಾಕಿ ಸಿಡಿಯುತ್ತದೆ. ನಾನು ಅದನ್ನು ಒಂದೇ ಸಲ ನೋಡಿದ್ದು. ಟ್ಯಾಬನ್ನು ಮಗುಚಿ ಹಾಕಿದೆ.

ಆಟ ಮಾಡಿದ ಕಂಪನಿಗೆ ಕಾಗದ ಬರೆದೆ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಉತ್ತರ ಬಂತು. ಇದು ಅಭಿಪ್ರಾಯವಲ್ಲ ಎಂದು ಎರಡನೇ ಸಲ ಬರೆದೆ. ಹಳೆಯ ಕಾಗದಗಳ ಸಂಗ್ರಹವೊಂದರಲ್ಲಿ ಪಟ ಸಿಕ್ಕಿತು, ಕೆಳತುದಿ ಹರಿದಿತ್ತು, ನಿಮ್ಮಲ್ಲಿ ಪುರಾವೆ ಇದ್ದರೆ ಕಳಿಸಿ ಅಂದರು. ಪುರಾವೆ ಅಂದರೆ ನಾನು. ಮತ್ತೆ ಅವಳು.

ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಐವತ್ತು ವರ್ಷದಲ್ಲಿ ಒಂದು ದಿನವೂ ಹುಡುಕದೆ ಇದ್ದದ್ದಕ್ಕೆ ನನಗೆ ಯಾವ ನೆವವೂ ಇಲ್ಲ. ಕೃಷ್ಣರಾಜನಗರದ ಬಸ್ ನಿಲ್ದಾಣದಲ್ಲಿ ಇಳಿದು, ಕಾಲು ಎಳೆದು ನಡೆಯುವ, ಹೊಲಿಗೆ ಹೇಳಿಕೊಡುವ ಹೆಂಗಸು ಅಂದದ್ದಕ್ಕೆ ಎರಡನೇ ಅಂಗಡಿಯವನೇ ದಾರಿ ತೋರಿಸಿದ. ಮುಂದಿನ ಕೋಣೆಯಲ್ಲಿ ನಾಲ್ಕು ಮೆಷಿನ್, ನಾಲ್ಕು ಹುಡುಗಿಯರು. ಅವಳ ಒಂದು ಚಪ್ಪಲಿಗೆ ಮೂರು ಅಂಗುಲದ ಅಟ್ಟೆ. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು. ಕಣ್ಣಲ್ಲಿ ನೀರು ತಂದುಕೊಂಡು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟಳು.

ಅವಳಪ್ಪ ತೀರಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲಾಯಿತಂತೆ. ಈ ಊರಿಗೆ ಬಂದ ಮೇಲೆ ಅಕ್ಷರ ಮಾತ್ರ ಬರೆದರಂತೆ. ಚಿತ್ರ ಬರೆಯಿರಿ ಎಂದು ಯಾರಾದರೂ ಕೇಳಿದರೆ ‘ಬರಲ್ಲ’ ಅನ್ನುತ್ತಿದ್ದರಂತೆ. ಮೂಲೆಯಲ್ಲಿ ಗೀಜಗವೂ ಇಲ್ಲ, ಇಣಚಿಯೂ ಇಲ್ಲ. ಈಗ ಆ ಅಕ್ಷರದ ಬೋರ್ಡುಗಳೂ ಇಲ್ಲ, ಎಲ್ಲ ಕಡೆ ಪ್ಲಾಸ್ಟಿಕ್ ಹಾಳೆ. ‘ಅಪ್ಪನ್ ಕೈಯಿಂದು ಒಂದ್ ಗೆರೆ ಇಲ್ಲ ಕಣೇ ನನ್ ತಾವ’ ಅಂದಳು. ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಳ್ಳುತ್ತಾ ಮುಂದುವರಿಸಿದಳು.

‘ನೀನಾದ್ರೂ ಅವತ್ತು ನಮ್ಮಪ್ಪನ್ ಪರವಾಗಿ ಯೋಳ್ದೆಯಂತೆ. ಆ ಮಗ ದೈರ್ಯವಾಗಿ ಯೋಳ್ತು, ಅವ್ರೇ ಕೇಳ್ನಿಲ್ಲ ಅಂತ ಅಪ್ಪ ಅಂದಿತ್ತು. ಸಾಯೋಗಂಟ ಅಂಗೇ ಅಂತಿತ್ತು.’

ಆ ಸಿಟ್ಟಿನ ಮನುಷ್ಯ ಮಗಳಿಗೆ ಸುಳ್ಳು ಹೇಳಿದ್ದರು. ಎಲ್ಲ ಕಳೆದುಕೊಂಡು ಮಲಗಿದ್ದವಳು ಗೆಳತಿಯನ್ನೂ ಕಳೆದುಕೊಳ್ಳುವುದು ಬೇಡವೆಂದು ಹೇಳಿದ್ದಿರಬೇಕು. ನಾನು ಸುಮ್ಮನೆ ಇದ್ದುಬಿಡಬಹುದಿತ್ತು. ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

‘ನಾನು ಹೇಳಲಿಲ್ಲ’ ಅಂದೆ. ‘ನೋಡಿಲ್ಲ ಅಂದೆ. ನಿಮ್ಮಪ್ಪ ನಿನಗೆ ಸುಳ್ಳು ಹೇಳಿದ್ದಾರೆ.’

ಅವಳು ನನ್ನ ಮುಖವನ್ನೇ ನೋಡಿದಳು. ಕಂಪನಿಗೆ ಬರೆದ ವಿಷಯವನ್ನೆಲ್ಲ ಗಡಬಡಿಸಿ ಹೇಳಿದೆ. ನಾವಿಬ್ಬರೂ ಸಾಕ್ಷಿ ಹೇಳಿದರೆ ನಿಮ್ಮಪ್ಪನ ಹೆಸರು ಹಾಕುತ್ತಾರೆ ಅಂದೆ. ನಾನು ಪತ್ರಿಕೆಗೂ ಬರೆಯುತ್ತೇನೆ ಅಂದೆ. ಟ್ಯಾಬ್ ತೆಗೆದು ತೋರಿಸಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

‘ಸಾಕ್ಷಿ ಕೇಳ್ದಾಗ ಯೋಳ್ನಿಲ್ಲ ನೀನು. ಈಗ ನಿನ್ ಹೊಟ್ಟೆ ಉರಿ ತಣ್ಗಾಗ್ಲಿ ಅಂತ ನಮ್ಮಪ್ಪನ್ ಹೆಸ್ರು ಬರೀಬ್ಯಾಡ. ನಿನ್ ಕೈಲಿ ಬರೀಬ್ಯಾಡ. ಎದ್ದೇಳು, ಬಸ್ ಹೊತ್ತಾಯ್ತು.’

ಬಾಗಿಲವರೆಗೂ ಅವಳು ಬರಲಿಲ್ಲ.

ಬಸ್ಸಿನುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ನನ್ನ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ಹಾಕುವುದು ನನಗೆ ಹಳೆಯ ಅಭ್ಯಾಸ. ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕಂಪನಿಗೆ ಮೂರನೇ ಕಾಗದ ಬರೆದೆ. ಇದು ಕಳವಿನ ಮಾಲು, ನೀವು ಕಳವಿನ ಮಾಲಿನಲ್ಲಿ ಆಟ ಕಟ್ಟಿದ್ದೀರಿ, ವಕೀಲರ ಮೂಲಕ ಮಾತಾಡುತ್ತೇನೆ ಎಂದು ಏನೇನೋ ಬರೆದೆ. ಅವಳಪ್ಪನ ಹೆಸರು ಮಾತ್ರ ಬರೆಯಲಿಲ್ಲ.

ಹತ್ತು ದಿನದ ಮೇಲೆ ಉತ್ತರ ಬಂತು. ವಿವಾದಕ್ಕೆ ಅವಕಾಶವಾಗಬಾರದೆಂದು ಆ ಪಟವನ್ನು ತೆಗೆದುಹಾಕಿ ಬೇರೆ ಪಟ ಸೇರಿಸಿದ್ದೇವೆ, ನಿಮಗೆ ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಆಟ ತೆರೆದೆ. ಎಲ್ಲ ಕಡೆ ಇರುವಂಥದೇ ಹಸಿರು ಹಾವು, ಹಳದಿ ಏಣಿ. ನೂರನೇ ಮನೆಯಲ್ಲಿ ಒಂದು ಬಂಗಾರದ ಲೋಟ. ನಾನು ಆ ಪಟದ ಪ್ರತಿ ಇಟ್ಟುಕೊಂಡಿರಲಿಲ್ಲ. ಪರದೆಯಲ್ಲಿ ಕಾಣುವುದನ್ನು ಚಿತ್ರವಾಗಿ ಹಿಡಿದಿಡಬಹುದೆಂದು ಆಮೇಲೆ ಹಲವರು ಹೇಳಿದರು. ಹಳೆಯ ಹಾಳೆ ನಿಮ್ಮಲ್ಲಿದ್ದರೆ ಒಂದು ಪ್ರತಿಯಾದರೂ ಕಳಿಸಿ ಎಂದು ನಾಲ್ಕನೇ ಕಾಗದ ಬರೆದೆ. ಉತ್ತರವಿಲ್ಲ. ಮೈಸೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ, ರದ್ದಿಯವರ ಬಳಿ ಇಂದಿಗೂ ಕೇಳುತ್ತಿದ್ದೇನೆ... ಚಿಕ್ಕಪ್ಪನ ಮನೆಯವರಲ್ಲೂ ಕೇಳಿದೆ. ಅವರಿಗೆ ಅಂಥದ್ದೊಂದು ಪಟ ಅಚ್ಚಾಗಿತ್ತು ಅನ್ನುವುದೇ ನೆನಪಿಲ್ಲ.

ಪಟ ಹೋದ ಮಾರನೆಯ ಬೆಳಿಗ್ಗೆಯೇ ಅವಳ ಫೋನು ಬಂದಿತ್ತು. ನಾನು ಅಂದು ಅವಳ ಮೆಷಿನ್ನಿನ ಪಕ್ಕ ಬಿಟ್ಟುಬಂದಿದ್ದ ಚೀಟಿಯಲ್ಲಿ ನನ್ನ ನಂಬರೂ ಆಟದ ಹೆಸರೂ ಇದ್ದವು. ನಾನು ಹೋದ ಸಂಜೆಯೇ ಹೊಲಿಗೆ ಕಲಿಯುವ ಹುಡುಗಿಯೊಬ್ಬಳಿಂದ ತನ್ನ ಫೋನಿಗೆ ಆ ಆಟ ಹಾಕಿಸಿಕೊಂಡಿದ್ದಳಂತೆ. ಆಡುತ್ತಿರಲಿಲ್ಲವಂತೆ. ದಿನಾ ಬೆಳಿಗ್ಗೆ ಮುಂದಿನ ಕೋಣೆಯ ಬಾಗಿಲು ತೆಗೆದು ಒಂದು ಸಲ ನೋಡುತ್ತಿದ್ದಳಂತೆ.

‘ಇವತ್ತು ಅಪ್ಪನ್ ಪಟ ಕಾಣ್ತಿಲ್ಲ’ ಅಂದಳು. ‘ಬ್ಯಾರೆ ಏನೋ ಬತ್ತಾ ಅದೆ. ನೀನೇನಾದ್ರೂ ಮಾಡ್ದೇನೆ?’

‘ಹೂಂ’ ಅಂದೆ. ‘ನಾನೇ ತೆಗೆಸಿದ್ದು.’

ಬೈಯಲಿ ಎಂದು ಕಾದೆ. ಅವಳು ಫೋನಿಟ್ಟಳು.